ಬಿಕಾಂ ಮುಗಿಸಿದ ತಂಗಿ ನಾಟಕ ಕಲಿಯಬೇಕು ಅಂತಿದ್ದಾಳೆ, ದಾರಿ ಗೊತ್ತಿದ್ದವರು ಹೇಳಿ

ರಾಣೆಬೆನ್ನೂರಿನ ಅಣ್ಣ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ನನ್ನ ತಂಗಿಗೆ 21 ವರ್ಷ. ಬಿಕಾಂ ಮುಗಿದು ಎಂಟು ತಿಂಗಳಾಯಿತು. ಅಪ್ಪನದು ಬೀಜ, ಗೊಬ್ಬರದ ಅಂಗಡಿ. ಅಂಗಡಿಯ ಲೆಕ್ಕವೆಲ್ಲ ಅವಳದೇ, ಜಿಎಸ್‌ಟಿ ರಿಟರ್ನ್ ಕೂಡ ಅವಳೇ ಹಾಕುತ್ತಾಳೆ. ಕಳೆದ ತಿಂಗಳು ರಾತ್ರಿ ಊಟಕ್ಕೆ ಕೂತಾಗ 'ನಾನು ನಾಟಕ ಕಲಿಯಾಕ ಹೋಗ್ತೀನಿ' ಅಂದಳು. ಅಪ್ಪ ರೊಟ್ಟಿ ಮುರಿಯುವುದು ನಿಲ್ಲಿಸಿ 'ನಾಟಕ ಮಾಡಿದ್ರ ಹೊಟ್ಟಿ ತುಂಬತೈತೇನು?' ಅಂದರು. ಅಷ್ಟೇ. ಅವತ್ತಿನಿಂದ ಮನೆಯಲ್ಲಿ ಮಾತು ಕಡಿಮೆ. ಅಮ್ಮ ಟಿವಿ ಧ್ವನಿ ಜಾಸ್ತಿ ಮಾಡಿಕೊಂಡು ಕೂರುತ್ತಾಳೆ.

ಇದು ಒಂದು ದಿನದ ಹುಚ್ಚಲ್ಲ. ಕಾಲೇಜಿನಲ್ಲಿ ಮೂರು ವರ್ಷವೂ ಯುವಜನೋತ್ಸವದ ಕಿರುನಾಟಕದಲ್ಲಿ ಇದ್ದಳು. ಒಂದು ವರ್ಷ ಮೈಸೂರು ದಸರಾದ ಯುವ ಸಂಭ್ರಮಕ್ಕೂ ಅವರ ತಂಡ ಹೋಗಿತ್ತು, ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ. ಅಲ್ಲಿಂದ ಬಂದ ಮೇಲೆ ಒಂದು ವಾರ ಅವಳ ಕಾಲು ನೆಲದ ಮೇಲೆ ಇರಲಿಲ್ಲ.

ಈಗ ಅವಳ ಮುಂದೆ ಎರಡು 'ಅವಕಾಶ' ಬಂದಿವೆ. ಒಂದು, ಮೂರು ತಿಂಗಳ ಆನ್‌ಲೈನ್ ಇಂಟರ್ನ್‌ಶಿಪ್. ಇವಳೇ 8,000 ರೂಪಾಯಿ ಕಟ್ಟಬೇಕು, ಕೊನೆಗೆ ಸರ್ಟಿಫಿಕೇಟ್. ಇನ್ನೊಂದು, ಬೆಂಗಳೂರಿನ ಒಂದು ಕಲಾಹಬ್ಬದಲ್ಲಿ ಹತ್ತು ದಿನ ವಾಲಂಟಿಯರ್ ಕೆಲಸ. ದುಡ್ಡು ಇಲ್ಲ. ಮಧ್ಯಾಹ್ನದ ಊಟ ಮಾತ್ರ, ಉಳಿಯೋಕೆ ನಾವೇ ನೋಡಿಕೊಳ್ಳಬೇಕು.

ನಾನು ಹುಬ್ಬಳ್ಳಿಯಲ್ಲಿ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕೆಲಸ ಮಾಡುವವನು. ಈ ಲೋಕ ನನಗೆ ಗೊತ್ತಿಲ್ಲ. ಇದರಲ್ಲಿ ಯಾವುದು ನಿಜ, ಯಾವುದು ಟೋಪಿ? ಕಲಿಸುವ ಜಾಗ ಎಲ್ಲಿವೆ? ಆಮೇಲೆ ಬದುಕೋದು ಹೇಗೆ? ಅಪ್ಪನಿಗೆ ಹೇಳೋಕೆ ನನ್ನ ಹತ್ತಿರ ಏನಾದರೂ ಇರಬೇಕು, ಅದಕ್ಕೇ ಕೇಳುತ್ತಿದ್ದೇನೆ.

ಸರ್ಟಿಫಿಕೇಟ್ ಸಂತೆ

ಮೊದಲನೆಯದನ್ನು ಇವತ್ತೇ ಬಿಟ್ಟುಬಿಡಿ. ಕೆಲಸ ಮಾಡುವವರೇ ದುಡ್ಡು ಕಟ್ಟಬೇಕು ಅಂದರೆ ಅದು ಇಂಟರ್ನ್‌ಶಿಪ್ ಅಲ್ಲ, ಟ್ಯೂಷನ್. ಅದೂ ಕೆಟ್ಟ ಟ್ಯೂಷನ್.

ನಾನು ಕಟ್ಟಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಡಿಗ್ರಿ ಎರಡನೇ ವರ್ಷದಲ್ಲಿ 'ಕಲಾ ನಿರ್ವಹಣೆ' ಅಂತ ಒಂದಕ್ಕೆ ಸೇರಿದೆ. ವಾರಕ್ಕೆ ಒಂದು ವಿಡಿಯೊ ಕಳಿಸೋರು. ಅವರ ಪೋಸ್ಟರ್‌ಗಳನ್ನು ನಮ್ಮ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಹಂಚೋದೇ 'ಪ್ರಾಜೆಕ್ಟ್'. ಅಂದರೆ ಇನ್ನಷ್ಟು ಜನರನ್ನು ಸೇರಿಸೋದು. ಕೊನೆಗೆ ಬಂದ ಸರ್ಟಿಫಿಕೇಟಿನಲ್ಲಿ ನನ್ನ ಹೆಸರೇ ತಪ್ಪಿತ್ತು. ತಿದ್ದಿ ಕೊಡೋಕೆ ಮತ್ತೆ 200 ರೂಪಾಯಿ ಕೇಳಿದರು.

ಹಬ್ಬದ ವಾಲಂಟಿಯರ್ ಕೆಲಸವನ್ನೂ ಮಾಡಿದ್ದೇನೆ. ಯಾವ ಹಬ್ಬ ಅಂತ ಹೇಳಲ್ಲ. ಕುರ್ಚಿ ಎತ್ತಿದೆ, ನೀರಿನ ಕ್ಯಾನ್ ಎತ್ತಿದೆ, ಪಾರ್ಕಿಂಗಿನಲ್ಲಿ ನಿಂತೆ. ಒಂಬತ್ತು ದಿನದಲ್ಲಿ ಒಂದು ನಾಟಕವನ್ನೂ ಪೂರ್ತಿ ನೋಡಲಿಲ್ಲ. ಕೊನೆಯ ದಿನ ಎಲ್ಲರೂ ಸೇರಿ ಫೋಟೊ ತೆಗೆಸಿಕೊಂಡರು, ಆಗಲೂ ನಾನು ಪಾರ್ಕಿಂಗಿನಲ್ಲಿದ್ದೆ. ಈ 'ಎಕ್ಸ್‌ಪೋಷರ್' ಅನ್ನೋದನ್ನು ಕೊಟ್ಟರೆ ಪಿಜಿ ಓನರ್ ಬಾಡಿಗೆ ಬಿಡ್ತಾನಾ?

ಡಿಮ್ಮರ್ ಬೋರ್ಡ್

ಮೇಲಿನವರ ಸಿಟ್ಟು ನ್ಯಾಯವಾದದ್ದೇ. ಆದರೆ ಅರ್ಧ ಮಾತ್ರ ಒಪ್ಪುತ್ತೇನೆ.

ನಾನು ಹದಿನಾಲ್ಕು ವರ್ಷದಿಂದ ನಾಟಕಗಳಿಗೆ ಬೆಳಕು ಮಾಡುತ್ತಿದ್ದೇನೆ. ನಾನೂ ಶುರು ಮಾಡಿದ್ದು ವೈರ್ ಸುತ್ತುವುದರಿಂದ. ನಿಜ ಹೇಳಬೇಕೆಂದರೆ ಮೊದಲ ವರ್ಷ ನನಗೆ ಕೊಟ್ಟ ಒಂದೇ ಒಂದು ಪಾಠ 'ವೈರನ್ನು ಎಂಟರ ಆಕಾರದಲ್ಲಿ ಸುತ್ತು, ಮೊಣಕೈಗೆ ಸುತ್ತಬೇಡ' ಅನ್ನೋದು. ಆದರೆ ನನ್ನನ್ನು ಬೆಳಕು ಏರಿಸಿ ಇಳಿಸುವ ಬೋರ್ಡಿನ ಪಕ್ಕ ಕೂರಿಸುತ್ತಿದ್ದರು. ನಟ ಮಾತು ಮುಗಿಸಿ ಉಸಿರು ಬಿಡುವುದಕ್ಕೂ ಬೆಳಕು ಇಳಿಯುವುದಕ್ಕೂ ಎಷ್ಟು ಅಂತರ ಇರಬೇಕು ಅಂತ ಕಲಿತದ್ದು ಹಾಗೆ ಕೂತು. ಅದನ್ನು ಯಾವ ವಿಡಿಯೊ ಕಲಿಸುತ್ತದೆ?

ಹಾಗಾಗಿ ಅಣ್ಣ, ಹಬ್ಬದವರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: 'ನನ್ನ ತಂಗಿಯನ್ನು ಯಾರ ಕೈಕೆಳಗೆ ಹಾಕುತ್ತೀರಿ?' ರಂಗಸಜ್ಜಿಕೆಯವರ (ಸೆಟ್ ಮಾಡುವವರ) ಜೊತೆ, ಬೆಳಕಿನವರ ಜೊತೆ, ವಸ್ತ್ರದವರ ಜೊತೆ ಅಂದರೆ ಹತ್ತು ದಿನ ಕಳೆದರೂ ನಷ್ಟ ಇಲ್ಲ. 'ಬನ್ನಿ, ಅಲ್ಲೇ ನೋಡೋಣ' ಅಂದರೆ ಪಾರ್ಕಿಂಗ್ ಗ್ಯಾರಂಟಿ.

ಇನ್ನೊಂದು ಮಾತು. ನಟನೆಯಲ್ಲಿ ಸಂಭಾವನೆ ಯಾವಾಗಲೂ ಕಡಿಮೆ, ಸಾಲು ಉದ್ದ. ಆದರೆ ಬೆಳಕು, ಧ್ವನಿ, ಪ್ರಸಾಧನ (ಮೇಕಪ್), ಸ್ಟೇಜ್ ಮ್ಯಾನೇಜ್‌ಮೆಂಟ್ ಗೊತ್ತಿರುವವರು ಬೇಕು ಅಂತ ವಾರಕ್ಕೊಮ್ಮೆ ನನಗೆ ಫೋನ್ ಬರುತ್ತದೆ. ನಾಟಕ ಇಲ್ಲದ ತಿಂಗಳಲ್ಲಿ ಕಾರ್ಪೊರೇಟ್ ಶೋ, ನೃತ್ಯ ಕಾರ್ಯಕ್ರಮ, ಮದುವೆ. ಹೌದು, ಮದುವೆ ಆರತಕ್ಷತೆಗೂ ಬೆಳಕು ಮಾಡಿದ್ದೇನೆ. ನಾಚಿಕೆ ಏನಿಲ್ಲ, ಮಗಳ ಶಾಲೆ ಫೀಸ್ ಕಟ್ಟಿದ್ದು ಅದರಿಂದಲೇ.

ಹಳೇ ಹೆಗ್ಗೋಡು

ಕಲಿಸುವ ಜಾಗ ಕೇಳಿದ್ದೀರಿ. ನನಗೆ ಗೊತ್ತಿರುವುದನ್ನು ಬರೆಯುತ್ತೇನೆ. ನಾನು ಓದಿದ ಜಾಗದ ಬಗ್ಗೆ ಜಾಸ್ತಿ ಬರೆದರೆ ಕ್ಷಮಿಸಿ.

ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ನೀನಾಸಂ ಇದೆ. 1949ರಲ್ಲಿ ಊರಿನವರು ಸೇರಿ ಕಟ್ಟಿದ ನಾಟಕ ಸಂಘ. ಅಡಿಕೆ ತೋಟದ ನಡುವಿನ ಆ ಊರಿನ ಕೆಲಸಕ್ಕಾಗಿ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಲ್ಲಿನ ರಂಗಶಿಕ್ಷಣ ಕೇಂದ್ರ ಶುರುವಾಗಿದ್ದು 1980ರಲ್ಲಿ. ಅಲ್ಲೇ ಉಳಿದು ಕಲಿಯುವ ಸುಮಾರು ಒಂದು ವರ್ಷದ ಕೋರ್ಸ್, ಪಾಠವೆಲ್ಲ ಕನ್ನಡದಲ್ಲಿ. ಬರೀ ನಟನೆ ಅಲ್ಲ. ರಂಗಸಜ್ಜಿಕೆ, ಬೆಳಕು, ಪ್ರಸಾಧನ, ರಂಗಭೂಮಿಯ ಇತಿಹಾಸ ಎಲ್ಲವೂ ಇರುತ್ತದೆ. ನಾನು ಹೋದಾಗ ಗಿರೀಶ ಕಾರ್ನಾಡರ ಹೆಸರು ಬಿಟ್ಟರೆ ಏನೂ ಗೊತ್ತಿರಲಿಲ್ಲ. ಬೆಳಿಗ್ಗೆ ಮೈ ಬಗ್ಗಿಸುವುದರಿಂದ ಶುರು, ರಾತ್ರಿ ತಾಲೀಮಿನಲ್ಲಿ ಕೊನೆ. ಮೂರನೇ ವಾರ ಮನೆಗೆ ಓಡಿಹೋಗೋಣ ಅನ್ನಿಸಿತ್ತು. ಮಳೆ ನಿಂತಿದ್ದರೆ ಹೋಗಿಬಿಡುತ್ತಿದ್ದೆನೋ ಏನೋ.

ಕೋರ್ಸ್ ಮುಗಿದ ಮೇಲೆ ಕೆಲವರಿಗೆ 'ತಿರುಗಾಟ' ಸಿಗುತ್ತದೆ. 1985ರಿಂದ ನಡೆಯುತ್ತಿದೆ. ತಂಡ ನಾಟಕ ಕಟ್ಟಿಕೊಂಡು, ಸೆಟ್, ಲೈಟು, ಪೆಟ್ಟಿಗೆ ಎಲ್ಲವನ್ನೂ ಹೇರಿಕೊಂಡು ಊರಿಂದ ಊರಿಗೆ ಹೋಗುತ್ತದೆ. ಬೆಳಿಗ್ಗೆ ಹೋಗಿ ಸೆಟ್ ಹಾಕು, ಸಂಜೆ ಆಡು, ರಾತ್ರಿ ಬಿಚ್ಚಿ ಲಾರಿಗೆ ಏರಿಸು. ನನ್ನ ಪ್ರಕಾರ ಕರ್ನಾಟಕದಲ್ಲಿ ಇಂಟರ್ನ್‌ಶಿಪ್ ಅನ್ನೋ ಪದಕ್ಕೆ ನಿಜವಾಗಿ ಹೊಂದುವ ಕೆಲಸ ಅದು. ಆದರೆ ಆ ಪದವನ್ನು ಅಲ್ಲಿ ಯಾರೂ ಬಳಸಲ್ಲ.

ಬೇರೆ ಜಾಗಗಳೂ ಇವೆ. ಮೈಸೂರಿನ ರಂಗಾಯಣ ಸರ್ಕಾರದ ನಾಟಕ ಸಂಸ್ಥೆ, 1989ರಲ್ಲಿ ರಂಗ ನಿರ್ದೇಶಕ ಬಿ.ವಿ. ಕಾರಂತರ ಕೈಯಲ್ಲಿ ಶುರುವಾದದ್ದು. ಅಲ್ಲಿನ ಭಾರತೀಯ ರಂಗ ಶಿಕ್ಷಣ ಕೇಂದ್ರದಲ್ಲಿ ಒಂದು ವರ್ಷದ ಡಿಪ್ಲೊಮಾ ಇದೆ. ನಿಮಗೆ ಹತ್ತಿರದ್ದು ಧಾರವಾಡ ರಂಗಾಯಣ. ಅಲ್ಲಿ ಏನೇನು ಶಿಬಿರ ನಡೆಯುತ್ತವೆ ಅಂತ ಹೋಗಿ ವಿಚಾರಿಸಿ, ಫೋನಿಗಿಂತ ನೇರ ಹೋಗುವುದು ಒಳ್ಳೆಯದು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಮಠದವರೇ ರಂಗಶಾಲೆ ನಡೆಸುತ್ತಾರೆ. ಅವರ 'ಶಿವಸಂಚಾರ' ತಂಡವೂ ಪ್ರತಿ ವರ್ಷ ನಾಡು ಸುತ್ತುತ್ತದೆ. ಮಠ ಅಂದರೆ ನಿಮ್ಮ ಅಪ್ಪನಿಗೆ ಸ್ವಲ್ಪ ಧೈರ್ಯ ಬರಬಹುದು, ಹೇಳಿ ನೋಡಿ. ಬೆಂಗಳೂರಿನಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ಕೇಂದ್ರ ಇದೆ, ಅದೂ ಒಂದು ವರ್ಷದ್ದು. ದೆಹಲಿಯ ಮೂಲ ಶಾಲೆಯದ್ದು ಮೂರು ವರ್ಷ. ಅಲ್ಲಿಗೆ ಡಿಗ್ರಿಯ ಜೊತೆ ನಾಟಕಗಳಲ್ಲಿ ಕೆಲಸ ಮಾಡಿದ ಅನುಭವವನ್ನೂ ಕೇಳುತ್ತಾರೆ. ಈಗಲೇ ಅದರ ಚಿಂತೆ ಬೇಡ.

ಸಂದರ್ಶನಕ್ಕೆ ಹೋಗುವಾಗ ಸಿನಿಮಾ ಡೈಲಾಗ್ ಬಾಯಿಪಾಠ ಮಾಡಿಕೊಂಡು ಹೋಗೋದು ಬೇಡ ಅಂತ ತಂಗಿಗೆ ಹೇಳಿ. ಅವಳ ಊರಿನ ಒಂದು ಹಾಡು, ಒಂದು ಡೊಳ್ಳಿನ ಪದ, ಅಜ್ಜಿ ಹೇಳಿದ ಒಂದು ಕತೆ ಸಾಕು.

ರಾಣೆಬೆನ್ನೂರಿನ ಅಣ್ಣ

ಇಷ್ಟು ವಿವರ ಬರುತ್ತದೆ ಅಂದುಕೊಂಡಿರಲಿಲ್ಲ. ಆನ್‌ಲೈನ್‌ನವರಿಗೆ ಬೇಡ ಅಂತ ಹೇಳಿದೆವು. ತಕ್ಷಣ 'ನಿಮಗೆ ಮಾತ್ರ 4,000ಕ್ಕೆ' ಅಂತ ಮೆಸೇಜ್ ಬಂತು. ಅಲ್ಲಿಗೇ ಗೊತ್ತಾಯಿತು.

ಹಬ್ಬದವರಿಗೆ ಫೋನ್ ಮಾಡಿ ಡಿಮ್ಮರ್ ಬೋರ್ಡ್ ಸರ್ ಹೇಳಿದ ಪ್ರಶ್ನೆ ಕೇಳಿದೆ. ಆ ಕಡೆ ಇದ್ದ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು 'ಅದನ್ನ ಯಾರೂ ಕೇಳಿಲ್ಲ ಸರ್, ಕೇಳಿ ಹೇಳ್ತೀನಿ' ಅಂದಳು. ಅವಳೂ ಇಂಟರ್ನ್ ಅಂತೆ.

ಚೌಕಿಮನೆ

ನಾನು ಕರಾವಳಿಯವನು, ಯಕ್ಷಗಾನದ ಕಡೆಯಿಂದ ಒಂದು ಮಾತು.

ನಮ್ಮಲ್ಲಿ ಈ ಇಂಟರ್ನ್‌ಶಿಪ್ ಎಷ್ಟೋ ಕಾಲದಿಂದ ಇದೆ, ಹೆಸರು ಬೇರೆ ಅಷ್ಟೇ. ಮೇಳಕ್ಕೆ, ಅಂದರೆ ಯಕ್ಷಗಾನ ತಂಡಕ್ಕೆ, ಸೇರಿದ ಹುಡುಗ ಮೊದಲು ಕೋಡಂಗಿ. ಆಮೇಲೆ ಬಾಲಗೋಪಾಲ. ಎರಡೂ ಕಲಿಯುವವರ ಸಣ್ಣ ವೇಷ. ಕತೆ ಶುರುವಾಗುವ ಮೊದಲಿನ ಪೂರ್ವರಂಗದಲ್ಲಿ, ಜನ ಇನ್ನೂ ಕಡಲೆ ತಿನ್ನುತ್ತಾ ಜಾಗ ಹುಡುಕುತ್ತಿರುವಾಗ ಇವನು ಕುಣಿಯುತ್ತಾನೆ. ಯಾರೂ ನೋಡಲ್ಲ. ಆದರೆ ಹಾಡುವ ಭಾಗವತರು ನೋಡುತ್ತಾರೆ, ಚೆಂಡೆಯವರು ನೋಡುತ್ತಾರೆ. ತಾಳ ತಪ್ಪಿದರೆ ಚೌಕಿಯಲ್ಲಿ (ಬಣ್ಣ ಹಚ್ಚುವ ಜಾಗದಲ್ಲಿ) ಸಿಗುತ್ತದೆ ಪ್ರಸಾದ. ಹಿರಿಯರ ವೇಷ ಕಟ್ಟಲು ಕೈ ಹಾಕುತ್ತಾ, ಬಣ್ಣ ಅರೆಯುತ್ತಾ, ಕೂತು ನೋಡುತ್ತಾ ಮೇಲೆ ಬರಬೇಕು. ಆದರೆ ಗಮನಿಸಿ, ಕೋಡಂಗಿಗೂ ಮೇಳದಲ್ಲಿ ಊಟ ಇದೆ, ಸಣ್ಣದಾದರೂ ಸಂಬಳ ಇದೆ. 'ಕಲೀತಾ ಇದ್ದೀಯಲ್ಲ, ದುಡ್ಡು ಯಾಕೆ' ಅಂತ ಯಾರೂ ಹೇಳಲ್ಲ.

ಕಷ್ಟ ಏನೆಂದರೆ ಪತ್ತನಾಜೆ, ಮೇಳಗಳ ತಿರುಗಾಟ ಮುಗಿಯುವ ದಿನ. ಮೇ ಕೊನೆಗೆ ಗೆಜ್ಜೆ ಬಿಚ್ಚಿದರೆ ಮತ್ತೆ ಕಟ್ಟುವುದು ನವೆಂಬರ್ ಹೊತ್ತಿಗೆ. ಆ ಆರು ತಿಂಗಳು ಏನು ಮಾಡುವುದು? ಕೆಲವರು ಮಳೆಗಾಲದಲ್ಲಿ ಊರೂರಿಗೆ ಹೋಗಿ ತಾಳಮದ್ದಲೆ (ವೇಷ, ಕುಣಿತ ಇಲ್ಲದೆ ಕೂತು ಆಡುವ ಯಕ್ಷಗಾನ), ಶಾಲೆಯಲ್ಲಿ ತರಗತಿ, ಇನ್ನು ಕೆಲವರು ಗದ್ದೆ, ಅಡುಗೆ ಕೆಲಸ. ಕಲೆಯವರ ಲೆಕ್ಕ ತಿಂಗಳ ಲೆಕ್ಕ ಅಲ್ಲ, ಋತುವಿನ ಲೆಕ್ಕ. ಬೀಜದ ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂಗಾರಿನಲ್ಲಿ ವ್ಯಾಪಾರ, ಬೇಸಿಗೆಯಲ್ಲಿ ನೊಣ ಹೊಡೆಯೋದು, ಅಲ್ವಾ?

ಕೈಕೆಲಸದಲ್ಲಿ ಆಸಕ್ತಿ ಇರುವ ಬೇರೆ ಮಕ್ಕಳು ಇದನ್ನು ಓದುತ್ತಿದ್ದರೆ, ಕಾರ್ಕಳದ ಮಿಯ್ಯಾರಿನಲ್ಲಿ ಸಿ.ಇ. ಕಾಮತ್ ಹೆಸರಿನ ಕುಶಲಕರ್ಮಿಗಳ ತರಬೇತಿ ಕೇಂದ್ರ ಇದೆ. ಕಲ್ಲು, ಮರ, ಲೋಹದ ಕೆತ್ತನೆ ಕಲಿಸುತ್ತಾರೆ. ಅಲ್ಲಿ ಕಲಿತವರು ದೇವಸ್ಥಾನದ ಕೆಲಸ ಹಿಡಿದು ಬದುಕುತ್ತಿದ್ದಾರೆ.

ಅಮ್ಮನೊಬ್ಬಳು

ಎಲ್ಲರೂ ಕಲೆ ಬಗ್ಗೆ ಬರೆಯುತ್ತಿದ್ದೀರಿ. ನಾನು ರಾತ್ರಿ ಹತ್ತೂವರೆ ಬಗ್ಗೆ ಬರೆಯುತ್ತೇನೆ.

ನನ್ನ ಮಗಳು ಬೆಂಗಳೂರಿನಲ್ಲಿ ಹವ್ಯಾಸಿ ತಂಡವೊಂದರಲ್ಲಿ ನಾಲ್ಕು ವರ್ಷ ಇದ್ದಳು. ಜೆ.ಪಿ. ನಗರದ ರಂಗಶಂಕರದಲ್ಲಿ ಅವಳ ಮೊದಲ ನಾಟಕ. ಅಲ್ಲಿ ಹೇಳಿದ ಹೊತ್ತಿಗೆ ಬಾಗಿಲು ಹಾಕುತ್ತಾರೆ, ತಡವಾದರೆ ಒಳಗೆ ಬಿಡಲ್ಲ. ನನ್ನ ಮನೆಯವರು ಟ್ರಾಫಿಕ್‌ನಲ್ಲಿ ಸಿಕ್ಕಿ ಐದು ನಿಮಿಷ ತಡವಾಗಿ ಹೋಗಿ, ಮಗಳ ಮೊದಲ ನಾಟಕವನ್ನು ಹೊರಗೆ ಕೆಫೆಯಲ್ಲಿ ಕಾಫಿ ಕುಡಿಯುತ್ತಾ 'ಕೇಳಿಸಿಕೊಂಡರು'. ಈಗಲೂ ಮನೆಯಲ್ಲಿ ಅದೇ ತಮಾಷೆ.

ಆದರೆ ನಾಟಕ ಮುಗಿದು, ಬಣ್ಣ ತೆಗೆದು, ಸಾಮಾನು ಜೋಡಿಸಿ ಹೊರಡುವ ಹೊತ್ತಿಗೆ ಹತ್ತೂವರೆ. ಮಗಳು ಇದ್ದದ್ದು ರಾಜಾಜಿನಗರದಲ್ಲಿ. ಆಟೋದವರು ಬರಲ್ಲ ಅನ್ನೋರು. ಹೀಗಾಗಿ ನಾವು ಒಂದು ನಿಯಮ ಮಾಡಿಕೊಂಡೆವು. ರಾತ್ರಿ ಯಾರು ಬಿಡುತ್ತಾರೆ ಅಂತ ಗೊತ್ತಾಗದೆ ತಾಲೀಮಿಗೆ ಒಪ್ಪಿಕೊಳ್ಳುವಂತಿಲ್ಲ. ಒಳ್ಳೆಯ ತಂಡದವರು ಇದನ್ನು ಕೇಳಿದರೆ ಮುಖ ಸಿಂಡರಿಸಲ್ಲ. ಮುಖ ಸಿಂಡರಿಸಿದ ಒಂದು ತಂಡದಿಂದ ಅವಳು ವಾಪಸ್ ಬಂದಳು. ಆಮೇಲೆ ಅಲ್ಲಿಯ ಬಗ್ಗೆ ಕೇಳಿದ ಸುದ್ದಿ ಒಳ್ಳೆಯದಿರಲಿಲ್ಲ. ದೂರು ಹೇಳಬೇಕಾದರೆ ಯಾರಿಗೆ ಹೇಳಬೇಕು ಅಂತ ಮೊದಲ ದಿನವೇ ಕೇಳಲಿ. ಹತ್ತು ಜನ ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಹೆಣ್ಣುಮಕ್ಕಳ ದೂರಿಗೆ ಒಂದು ಸಮಿತಿ ಇರಬೇಕು ಅಂತ 2013ರ ಕಾನೂನೇ ಹೇಳುತ್ತದೆ. ಇಂಟರ್ನ್, ವಾಲಂಟಿಯರ್ ಎಲ್ಲರಿಗೂ ಅದು ಅನ್ವಯಿಸುತ್ತದೆ.

ಹುಡುಗ ಆಗಿದ್ದರೆ ಅಪ್ಪ ಇಷ್ಟು ಯೋಚಿಸುತ್ತಿದ್ದರಾ ಅಂತ ನಿಮ್ಮ ತಂಗಿ ಕೇಳಿರಬಹುದು. ಕೇಳಿದ್ದರೆ ಅವಳು ಸರಿ.

ಗ್ಯಾಲರಿ ಮೂಲೆ

ನಾಟಕ ಬಿಟ್ಟು ಆಚೆಗೂ ಸ್ವಲ್ಪ ನೋಡಿ.

ನಾನು ಚಿತ್ರಕಲೆಯವಳು. ನನ್ನ ಮೊದಲ 'ಉದ್ಯೋಗ ಮೇಳ' ಚಿತ್ರಸಂತೆ. ಜನವರಿಯಲ್ಲಿ ಒಂದು ಭಾನುವಾರ ಬೆಂಗಳೂರಿನ ಕುಮಾರಕೃಪಾ ರಸ್ತೆ ಪೂರ್ತಿ ಚಿತ್ರ. ಚಿತ್ರಕಲಾ ಪರಿಷತ್ತು ವರ್ಷವರ್ಷ ನಡೆಸುತ್ತದೆ. ಆ ದಿನ ನನ್ನ ಎರಡು ಚಿತ್ರ ಮಾರಿದೆ. ಅದಕ್ಕಿಂತ ಮುಖ್ಯ, ಪಕ್ಕದ ಮಳಿಗೆಯವರು ಫ್ರೇಮ್ ಹಾಕುವವರ ನಂಬರ್ ಕೊಟ್ಟರು, ಅವರಿಂದ ಒಂದು ಗ್ಯಾಲರಿಗೆ ದಾರಿ ಸಿಕ್ಕಿತು.

ಈಗ ಯುವಕರನ್ನು ಒಳಗೆ ಬಿಟ್ಟುಕೊಳ್ಳುವ ಜಾಗ ಜಾಸ್ತಿ ಆಗಿವೆ. ಬೆಂಗಳೂರಿನ ಸೈನ್ಸ್ ಗ್ಯಾಲರಿಯಲ್ಲಿ 'ಮೀಡಿಯೇಟರ್' ಅಂತ ಇರುತ್ತಾರೆ, ಕಾಲೇಜು ವಯಸ್ಸಿನವರು. ಬಂದವರ ಜೊತೆ ನಿಂತು ಪ್ರದರ್ಶನದ ಬಗ್ಗೆ ಮಾತಾಡೋದು ಅವರ ಕೆಲಸ. ಕೊಚ್ಚಿಯ ಬಿನಾಲೆ ಅನ್ನೋ ದೊಡ್ಡ ಕಲಾಪ್ರದರ್ಶನದಲ್ಲೂ ಹಾಗೇ. ಅಲ್ಲಿ 2014ರಿಂದ ವಿದ್ಯಾರ್ಥಿಗಳದ್ದೇ ಬೇರೆ ಬಿನಾಲೆ ಕೂಡ ನಡೆಯುತ್ತದೆ. ನಾನು ಫೋರ್ಟ್ ಕೊಚ್ಚಿಯಲ್ಲಿ ಅಲೆದ ಒಂದು ವಾರದಲ್ಲಿ ಕಲಿತಷ್ಟು ಕಾಲೇಜಿನ ಒಂದು ಸೆಮಿಸ್ಟರಿನಲ್ಲಿ ಕಲಿತಿಲ್ಲ.

ಇನ್ನು ನಿಮ್ಮ ತಂಗಿಯ ಬಿಕಾಂ. ಅದನ್ನು ಯಾಕೆ ಎಲ್ಲರೂ ಮರೆತುಬಿಟ್ಟಿರಿ? ಕಲಾ ಸಂಸ್ಥೆಗಳಲ್ಲಿ ಕವಿತೆ ಬರೆಯುವವರು ಹತ್ತು ಜನ ಇರುತ್ತಾರೆ, ವೋಚರ್ ಬರೆಯುವವರು ಒಬ್ಬರೂ ಇರಲ್ಲ. ಅನುದಾನ ಬಂದರೆ ಬಳಕೆ ಪ್ರಮಾಣಪತ್ರ ಕೊಡಬೇಕು, ಟಿಕೆಟ್ ದುಡ್ಡಿನ ಲೆಕ್ಕ ಇಡಬೇಕು, ಕಲಾವಿದರಿಗೆ ಟಿಡಿಎಸ್ (ಮೊದಲೇ ಹಿಡಿಯುವ ತೆರಿಗೆ) ಕಡಿದು ಕೊಡಬೇಕು. ಮಾರ್ಚ್ ಬಂದರೆ ಎಲ್ಲರಿಗೂ ಜ್ವರ. ಲೆಕ್ಕ ಬರುವ ಹುಡುಗಿ, ಅದೂ ನಾಟಕ ಪ್ರೀತಿಸುವವಳು, ಸಿಕ್ಕಿದರೆ ಯಾವ ತಂಡವೂ ಬಿಡಲ್ಲ.

ಫಾರಂ ತುಂಬುವವನು

ಸರ್ಕಾರದ ಕಡೆಯಿಂದ ಏನಿದೆ ಅಂತ ಯಾರೂ ಹೇಳಿಲ್ಲ. ನನ್ನ ಸೈಬರ್ ಸೆಂಟರ್‌ಗೆ ದಿನಾ ಇಂಥವೇ ಬರುತ್ತವೆ, ಆದ್ದರಿಂದ ಬರೆಯುತ್ತೇನೆ.

ಯುವ ನಿಧಿ: ಡಿಗ್ರಿ ಮುಗಿಸಿ 180 ದಿನ ಕೆಲಸ ಸಿಗದವರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500. ಎರಡು ವರ್ಷದವರೆಗೆ. ನಿಮ್ಮ ತಂಗಿಗೆ ಎಂಟು ತಿಂಗಳಾಗಿದೆ, ಅರ್ಜಿ ಹಾಕಿದ್ದಾಳಾ? ಮುಂದೆ ಓದಲು ಸೇರಿದರೆ ನಿಲ್ಲುತ್ತದೆ ಅನ್ನೋದು ನೆನಪಿರಲಿ. ಸುಳ್ಳು ಘೋಷಣೆ ಕೊಟ್ಟು ತೆಗೆದುಕೊಳ್ಳಬೇಡಿ.

ಪ್ರಧಾನಮಂತ್ರಿ ಇಂಟರ್ನ್‌ಶಿಪ್: 2024ರಲ್ಲಿ ಶುರುವಾದಾಗ 21ರಿಂದ 24 ವಯಸ್ಸಿನವರಿಗೆ ಅಂತ ಇತ್ತು. ಆಗ ದೊಡ್ಡ ಕಂಪನಿಗಳಲ್ಲಿ ಒಂದು ವರ್ಷ, ತಿಂಗಳಿಗೆ 5,000 ಇತ್ತು. ಶುರುವಿನಲ್ಲಿ ಒಂದು ಸಲ 6,000. ದೇಶದ 500 ದೊಡ್ಡ ಕಂಪನಿಗಳನ್ನು ಇಟ್ಟುಕೊಂಡು ಮಾಡಿದ್ದು, ಹಾಗಾಗಿ ನಾಟಕದ ಮನೆ ಅದರಲ್ಲಿ ಹುಡುಕಬೇಡಿ. ಅಪ್ಪ 'ಒಂದು ವರ್ಷ ಕಂಪನಿಯಲ್ಲಿ ನೋಡು' ಅಂತ ಹಟ ಹಿಡಿದರೆ ಇದು ಒಂದು ದಾರಿ.

ಕಲಾವಿದರಿಗೇ ಅಂತ ಇರುವುದು ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ. 18ರಿಂದ 25 ವರ್ಷದವರಿಗೆ ತಿಂಗಳಿಗೆ 5,000, ಎರಡು ವರ್ಷ. ಶಾಸ್ತ್ರೀಯ ಸಂಗೀತ, ನೃತ್ಯ, ರಂಗಭೂಮಿ, ಚಿತ್ರ, ಜಾನಪದ ಎಲ್ಲಕ್ಕೂ ಇದೆ. ಇಡೀ ದೇಶಕ್ಕೆ ವರ್ಷಕ್ಕೆ 400. ಎಡವುವುದು ಎಲ್ಲಿ ಅಂದರೆ ಗುರುಗಳ ಹತ್ತಿರ ಐದು ವರ್ಷ ಕಲಿತಿರಬೇಕು ಅಂತ ಕೇಳುತ್ತಾರೆ. ದುಡ್ಡು ಬರುವುದೂ ತಿಂಗಳಿಗೊಮ್ಮೆ ಅಲ್ಲ, ಆರು ತಿಂಗಳ ಕಂತಿನಲ್ಲಿ. ಕಾಲೇಜಿನ ಕಿರುನಾಟಕ ಐದು ವರ್ಷದ ಲೆಕ್ಕಕ್ಕೆ ಬರಲ್ಲ. ಈಗಲೇ ಹಾಕಿ ನಿರಾಶೆ ಆಗೋದು ಬೇಡ. ಆದರೆ ಕಲಿಯಲು ಶುರು ಮಾಡಿದ ದಿನದಿಂದ ಪ್ರತಿ ಪೋಸ್ಟರ್, ಪತ್ರಿಕೆ ತುಣುಕು, ಗುರುಗಳ ಪತ್ರ ಒಂದು ಫೈಲಿನಲ್ಲಿ ಇಡಲಿ. ಕೊನೆ ದಿನ ಸಂಜೆ ಆರಕ್ಕೆ ಬಂದು 'ಅಣ್ಣಾ ಫೋಟೊ ಇಲ್ಲ' ಅನ್ನುವವರನ್ನು ನೋಡಿ ನೋಡಿ ಸಾಕಾಗಿದೆ.

ಸರ್ಟಿಫಿಕೇಟ್ ಸಂತೆ

ಡಿಮ್ಮರ್ ಬೋರ್ಡ್ ಅವರಿಗೆ ಒಂದು ಪ್ರಶ್ನೆ. ನೀವು ಮೊದಲ ವರ್ಷ ವೈರ್ ಸುತ್ತಿದಿರಿ ಸರಿ. ಆಗ ನಿಮ್ಮ ಊಟ, ಬಾಡಿಗೆ ಯಾರು ನೋಡಿಕೊಂಡರು? ಬೆಂಗಳೂರಿನಲ್ಲಿ ಮನೆ ಇರುವವನು ಪುಕ್ಕಟೆ ಕೆಲಸ ಮಾಡಬಹುದು. ರಾಣೆಬೆನ್ನೂರಿನಿಂದ ಬರುವವಳಿಗೆ ಪಿಜಿಗೇ ತಿಂಗಳಿಗೆ ಎಂಟು, ಹತ್ತು ಸಾವಿರ ಬೇಕು. ಕೊನೆಗೆ ಈ ಕ್ಷೇತ್ರದಲ್ಲಿ ಉಳಿಯುವವರು ಯಾರು? ಅಪ್ಪನ ಮನೆ ಜಯನಗರದಲ್ಲಿ ಇರುವವರು.

ಡಿಮ್ಮರ್ ಬೋರ್ಡ್

ನನ್ನ ಅಕ್ಕನ ಮನೆಯಲ್ಲಿ ಇದ್ದೆ. ಭಾವ ಒಂದು ದಿನವೂ ಏನೂ ಅನ್ನಲಿಲ್ಲ. ನೀವು ಕೇಳಿದ ಮೇಲೆ ಯೋಚಿಸಿದೆ, ನನ್ನ ಜೊತೆ ಸೇರಿದ ಮೂವರಲ್ಲಿ ಇಬ್ಬರು ಮೊದಲ ವರ್ಷವೇ ಬಿಟ್ಟರು. ಒಬ್ಬ ಕೊಪ್ಪಳದ ಕಡೆಯವನು, ಕೆಲಸದಲ್ಲಿ ನನಗಿಂತ ಚುರುಕು. ಅವನಿಗೆ ಅಕ್ಕನ ಮನೆ ಇರಲಿಲ್ಲ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಈಗ ನನ್ನ ಹತ್ತಿರ ಕಲಿಯುವ ಹುಡುಗರಿಗೆ ಪ್ರತಿ ಶೋಗೆ 700 ಕೊಡುತ್ತೇನೆ, ಬಸ್ ಚಾರ್ಜ್ ಬೇರೆ. ಸಾಲಲ್ಲ, ಗೊತ್ತು.

ಹಳೇ ಹೆಗ್ಗೋಡು

ಅದಕ್ಕೇ ನಾನು ಊರುಗಳ ಹೆಸರು ಹೇಳಿದ್ದು. ಹೆಗ್ಗೋಡು, ಸಾಣೇಹಳ್ಳಿಯಂಥ ಕಡೆ ಉಳಿಯುವುದು, ಉಣ್ಣುವುದು, ಕಲಿಯುವುದು ಎಲ್ಲ ಒಂದೇ ಅಂಗಳದಲ್ಲಿ. ಬೆಂಗಳೂರಿಗೆ ಹೋಗಿಯೇ ಕಲಾವಿದ ಆಗಬೇಕು ಅನ್ನೋದು ಹೊಸ ಮೂಢನಂಬಿಕೆ. ನಿಮ್ಮ ಜಿಲ್ಲೆಯಲ್ಲೇ ನೋಡಿ, ಹಾನಗಲ್ ತಾಲ್ಲೂಕಿನ ಶೇಷಗಿರಿಯಲ್ಲಿ ಊರಿನವರೇ ತಂಡ ಕಟ್ಟಿಕೊಂಡಿದ್ದಾರೆ, ಸಣ್ಣ ಊರಾದರೂ ರಂಗಮಂದಿರ ಇದೆ. ಕೋರ್ಸ್‌ಗೆ ಮೊದಲು ತಂಗಿಯನ್ನು ಅಲ್ಲೊಂದು ನಾಟಕಕ್ಕೆ ಕರೆದುಕೊಂಡು ಹೋಗಿ.

ಆಮೇಲಿನ ಬದುಕು ಕೇಳಿದ್ದಿರಿ. ನನ್ನ ಬ್ಯಾಚಿನವರಲ್ಲಿ ಇಬ್ಬರು ಧಾರಾವಾಹಿಯಲ್ಲಿ, ಒಬ್ಬ ಸಿನಿಮಾದಲ್ಲಿ ಕಲಾ ನಿರ್ದೇಶನದ ಕಡೆ, ನಾಲ್ಕೈದು ಜನ ಶಾಲೆಗಳಲ್ಲಿ ನಾಟಕ ಕಲಿಸುತ್ತಾರೆ. ಬೇಸಿಗೆ ಶಿಬಿರದ ಎರಡು ತಿಂಗಳು ಎಲ್ಲರಿಗೂ ಕೈತುಂಬ ಕೆಲಸ. ಇಬ್ಬರು ಪೂರ್ತಿ ಬಿಟ್ಟು ಬೇರೆ ಕೆಲಸಕ್ಕೆ ಹೋದರು, ಒಬ್ಬ ಎಲ್‌ಐಸಿ ಏಜೆಂಟ್. ಅವನಷ್ಟು ಚೆನ್ನಾಗಿ ಪಾಲಿಸಿ ಮಾರುವವರನ್ನು ನಾನು ನೋಡಿಲ್ಲ. ನಾನು ಸ್ವತಃ ಖಾಸಗಿ ಶಾಲೆಯಲ್ಲಿ ನಾಟಕದ ಮೇಷ್ಟ್ರು.

ರಾಣೆಬೆನ್ನೂರಿನ ಅಣ್ಣ

ಅಣ್ಣನ ಅಕೌಂಟಿನಿಂದ ತಂಗಿ ಬರೆಯುತ್ತಿದ್ದೇನೆ. ಎಲ್ಲವನ್ನೂ ಓದಿದೆ. ಎಲ್ಲರಿಗೂ ಥ್ಯಾಂಕ್ಸ್.

ಗ್ಯಾಲರಿ ಮೂಲೆ ಅಕ್ಕ, ನೀವು ಹೇಳಿದ್ದು ಅಣ್ಣನಿಗೆ ಬಹಳ ಹಿಡಿಸಿದೆ. ಎರಡು ದಿನದಿಂದ 'ಲೆಕ್ಕನೂ ಆತು, ನಾಟಕನೂ ಆತು' ಅಂತ ಹೇಳುತ್ತಲೇ ಇದ್ದಾನೆ. ಆದರೆ ಅಕ್ಕ, ವೋಚರ್ ಬರೆಯಬೇಕಿದ್ದರೆ ಅಪ್ಪನ ಅಂಗಡಿಯಲ್ಲೇ ಬರೆಯುತ್ತಿದ್ದೆನಲ್ಲ? ಅಲ್ಲಿ ಮಧ್ಯಾಹ್ನ ಅಮ್ಮನ ಊಟವಾದರೂ ಸಿಗುತ್ತದೆ. ನನಗೆ ರಂಗದ ಮೇಲೆ ನಿಲ್ಲಬೇಕು. ಯುವ ಸಂಭ್ರಮದಲ್ಲಿ ನನ್ನದು ಬರೀ ಮೂರು ಮಾತಿನ ಪಾತ್ರ. ಎರಡನೇ ಮಾತಿಗೆ ಮುಂದಿನ ಸಾಲಿನ ಗದ್ದಲ ನಿಂತಿತು. ಅದು ನನ್ನಿಂದ ನಿಂತಿತೋ ಪೊಲೀಸರಿಂದ ನಿಂತಿತೋ ಗೊತ್ತಿಲ್ಲ. ಅದನ್ನೇ ತಿಳಿದುಕೊಳ್ಳಬೇಕು.

ಆಗಲ್ಲ ಅಂತ ಗೊತ್ತಾದರೆ ವಾಪಸ್ ಬಂದು ವೋಚರ್ ಬರೆಯುತ್ತೇನೆ. ಮೊದಲೇ ಯಾಕೆ ಬರೆಯಲಿ?

ಹಬ್ಬದವರು ಫೋನ್ ಮಾಡಿದ್ದರು. ವಸ್ತ್ರವಿನ್ಯಾಸದವರ ಕೈಕೆಳಗೆ ಹಾಕುತ್ತಾರಂತೆ, ಆದರೆ ಉಳಿಯುವ ವ್ಯವಸ್ಥೆ ಇಲ್ಲವಂತೆ. ಅಮ್ಮನೊಬ್ಬಳು ಮೇಡಂ ಹೇಳಿದ ಹತ್ತೂವರೆ ಪ್ರಶ್ನೆಯನ್ನೂ ಕೇಳಿದೆ. ಉತ್ತರ ಸರಿ ಬರಲಿಲ್ಲ. ಬಿಟ್ಟೆ.

ಗ್ಯಾಲರಿ ಮೂಲೆ

ಸರಿಯಾಗಿ ಉಗಿದೆ ತಾಯಿ. ವಾಪಸ್ ತೆಗೆದುಕೊಂಡೆ.

ಚೌಕಿಮನೆ

'ಅದು ನನ್ನಿಂದ ನಿಂತಿತೋ ಪೊಲೀಸರಿಂದ ನಿಂತಿತೋ'. ಸಂದರ್ಶನದಲ್ಲಿ ಇದನ್ನೇ ಹೇಳು ತಂಗಿ, ಬೇರೆ ಏನೂ ಬೇಡ.

ರಾಣೆಬೆನ್ನೂರಿನ ಅಣ್ಣ

ಈ ಸಲ ಅಣ್ಣನೇ. ಎರಡು ವಾರದ ಸುದ್ದಿ ಹೇಳುತ್ತೇನೆ.

ಚೌಕಿಮನೆಯವರ ಋತುವಿನ ಲೆಕ್ಕವನ್ನು ಅಪ್ಪನ ಮುಂದೆ ಇಟ್ಟೆ. ಅಪ್ಪ ಏನೂ ಅನ್ನಲಿಲ್ಲ. ರಾತ್ರಿ ಎಂಟಕ್ಕೆ ಅಂಗಡಿ ಶಟರ್ ಎಳೆಯುವಾಗ ತಾವಾಗಿಯೇ ಬನಶಂಕರಿ ಜಾತ್ರೆ ಸುದ್ದಿ ತೆಗೆದರು. ಹದಿನೆಂಟರ ವಯಸ್ಸಿನಲ್ಲಿ ಬಾದಾಮಿಯ ಆ ಜಾತ್ರೆಗೆ ಹೋಗಿ, ಸಾಲಾಗಿ ಹಾಕಿದ್ದ ಕಂಪನಿ ನಾಟಕದ ಟೆಂಟುಗಳಲ್ಲಿ ಮೂರು ರಾತ್ರಿ ಮೂರು ನಾಟಕ ನೋಡಿದ್ದರಂತೆ. ನಾಲ್ಕನೇ ದಿನ ದುಡ್ಡು ಮುಗಿದು, ಒಂದು ಕಂಪನಿಯ ಮಾಲೀಕರನ್ನು ಹೋಗಿ 'ಪರದೆ ಎಳಿಯಾಕ ಇಟ್ಕೋರಿ' ಅಂತ ಕೇಳಿದ್ದರಂತೆ. ಅವರು 'ಮೊದಲು ನಿಮ್ಮಪ್ಪನ ಕೇಳ್ಕೊಂಡು ಬಾ' ಅಂದರಂತೆ. ಅಜ್ಜನನ್ನು ಕೇಳುವ ಧೈರ್ಯ ಆಗಲಿಲ್ಲ ಅಂತ ಅಪ್ಪ ನಕ್ಕರು. ಈ ಕತೆ ಅಮ್ಮನಿಗೂ ಗೊತ್ತಿರಲಿಲ್ಲ.

ಹೋಗು ಅಂತ ಇನ್ನೂ ಬಾಯಿಬಿಟ್ಟು ಹೇಳಿಲ್ಲ. ಆದರೆ ಎರಡು ಕಡೆ ಅರ್ಜಿ ಹಾಕಿದ್ದಾಳೆ, ಫೀಸಿನ ದುಡ್ಡು ಅಪ್ಪನ ಗಲ್ಲಾದಿಂದಲೇ ಹೋಯಿತು. ಲೆಕ್ಕದ ಪುಸ್ತಕದಲ್ಲಿ ಅದನ್ನು ಅವಳೇ 'ಇತರೆ ಖರ್ಚು' ಅಂತ ಬರೆದಿದ್ದಾಳೆ. ಅಂಗಡಿಗೆ ಹೊಸ ಹುಡುಗನನ್ನು ಹುಡುಕುತ್ತಿದ್ದೇವೆ.

ಹಳೇ ಹೆಗ್ಗೋಡು ಸರ್, ಅಪ್ಪ ಒಂದು ಮಾತು ಕೇಳಲು ಹೇಳಿದ್ದಾರೆ. 'ಆ ಕಡೆ ಮಳಿ ಭಾಳಂತ. ಒಂದ್ ಛತ್ರಿ ಸಾಕಾಗತೈತೇನು?'

ಹಳೇ ಹೆಗ್ಗೋಡು

ಸಾಕಾಗಲ್ಲ ಅಂತ ಹೇಳಿ. ಛತ್ರಿ ಒಂದು, ರೇನ್‌ಕೋಟ್ ಒಂದು, ಮತ್ತೆ ಎರಡು ಜೊತೆ ಜಾಸ್ತಿ ಬಟ್ಟೆ. ಜುಲೈಯಲ್ಲಿ ಒಗೆದದ್ದು ಮೂರು ದಿನ ಒಣಗಲ್ಲ.